ಮಾಳಿಗೆಯ ಪೈಪಿಗೆ ಹಚ್ಚಿದ ಸೊಲ್ಯೂಷನ್

ನಮ್ಮೂರು ಸೊರಡಿಯಲ್ಲಿ ಯಾರ ಮನೆಯ ನಲ್ಲಿ ಸೋರಿದರೂ ನನ್ನ ಯಜಮಾನರು ಹೆಗಲಿಗೆ ಟವೆಲ್ ಹಾಕಿಕೊಂಡು ಹೊರಟುಬಿಡುತ್ತಾರೆ. ರಿಟೈರ್ ಆದ ಮೇಲೆ ಹತ್ತಿದ ಹವ್ಯಾಸ. ಕರೆಯುವ ತನಕ ಕಾಯುವ ಪೇಷನ್ಸ್ ಅವರಿಗಿಲ್ಲ.

ಈ ಬೇಸಿಗೆಯಲ್ಲಿ ಪಕ್ಕದ ಮನೆಯ ಹುಡುಗಿಯ ಮದುವೆ ನಿಶ್ಚಯವಾಯಿತು. ನಮ್ಮ ಕಡೆ ಹೆಣ್ಣಿನವರು ರುಖವತ ಇಡಬೇಕು. ಮಗಳ ಜೊತೆ ಕಳಿಸುವ ಉಂಡಿ, ಹಪ್ಪಳ, ಬಣ್ಣದ ಸಂಡಿಗೆಗಳನ್ನೆಲ್ಲ ಮಂಟಪದಲ್ಲಿ ಜೋಡಿಸಿ ಬೀಗರಿಗೆ ತೋರಿಸುವುದು. ಓಣಿಯ ಹೆಂಗಸರೆಲ್ಲ ಕೂತು ಲಟ್ಟಿಸಿದ ಹಪ್ಪಳಗಳು ಹುಡುಗಿಯ ಮನೆಯ ಮಾಳಿಗೆಯ ಮೇಲೆ ಒಣಗುತ್ತಿದ್ದವು. ಅಲ್ಲಿಯೇ ನೀರಿನ ಟಾಕಿ. ಅದರಿಂದ ಇಳಿಯುವ ಮೆತ್ತನೆಯ ಪಿವಿಸಿ ಪೈಪಿನ ಜಾಯಿಂಟ್ ಹನಿಯತೊಡಗಿತ್ತು.

ಯಜಮಾನರು ನಮ್ಮ ಮನೆಯಲ್ಲಿ ಉಳಿದಿದ್ದ, ಪೈಪು ಅಂಟಿಸುವ ಸೊಲ್ಯೂಷನ್ ಡಬ್ಬಿ ತಂದರು. ಯಾವ ಲೇಬಲ್ ಸಿಕ್ಕರೂ ಕೊನೆಯ ಸಾಲಿನವರೆಗೆ ಓದುವುದು ಕಾನ್ವೆಂಟಿನ ಸಿಸ್ಟರುಗಳಿಂದ ಬಂದ ನನ್ನ ಚಟ.

"ನೋಡ್ರಿ, ಇದು ಗಟ್ಟಿ ಪೈಪಿಗಷ್ಟ ಅಂತ ಬರದಾರ. ಈ ಪೈಪ ಬಾಗತದ, ಇದಕ್ಕ ನಡಿಯೂದಿಲ್ಲ."

"ಪೈಪ ಜೋಡಸೂದೂ ನಿಮ್ಮ ಸಿಸ್ಟರ್ ಕಲಿಸ್ಯಾರೇನು? ಅಂಟು ಅಂದ್ರ ಅಂಟು. ಬಾಜೂ ಸರಿ."

ಹೆಂಗಸರು ನಕ್ಕರು. ನಾನು ಪಕ್ಕಕ್ಕೆ ಸರಿದೆ; ಅವರು ಅದನ್ನೇ ಹಚ್ಚಿದರು.

ಮರುದಿನ ಮಧ್ಯಾಹ್ನ ಗಾಳಿಗೆ ಪೈಪು ಅಲುಗಾಡಿತು. ಒಣಗಿ ಬಿರುಸಾಗಿದ್ದ ಅಂಟು ಚಕ್ಕೆಯೆದ್ದು ಜಾಯಿಂಟ್ ಕಳಚಿತು. ಟಾಕಿಯ ನೀರೆಲ್ಲ ಹಪ್ಪಳಗಳ ಮೇಲೆ ಹರಿದು, ಅವೆಲ್ಲ ಹಿಟ್ಟಿನ ರಾಡಿಯಾದವು. ಹುಡುಗಿಯ ತಾಯಿ ಒದ್ದೆ ಸೀರೆಯ ತುದಿ ಎತ್ತಿ ಕಟ್ಟಿ ರಾಡಿ ಬಳಿಯತೊಡಗಿದಳು. ಯಜಮಾನರು ಪೈಪನ್ನು ಎತ್ತಿ ನೋಡಿ, "ಪೈಪ ಡೂಪ್ಲಿಕೇಟ್ ಮಾಲು. ನಾ ಏನ ಮಾಡ್ಲಿ?" ಎಂದರು. ನನಗೆ ಮೆಟ್ಟಿಲಿಳಿದು ಮನೆ ಸೇರಿದರೆ ಸಾಕಾಗಿತ್ತು.

ಮರುದಿನ ಹುಡುಗಿಯ ತಾಯಿ ನಮ್ಮ ಹಿತ್ತಲ ಬಾಗಿಲಿಗೆ ಬಂದಳು.

"ಕಾಕು, ಅಂಟು ತರ್ಲಿಕ್ಕ ಜತ್ತದ ಪ್ಯಾಟಿಗೆ ಬರ್ತೀರೇನ್ರಿ? ಡಬ್ಬಿ ಓದಿ ನೀವ ಆರಿಸಿ ಕೊಡ್ರಿ."

ಅಂಗಡಿಯಲ್ಲಿ ಡಬ್ಬಿಗಳ ಸಾಲೇ ಇತ್ತು. ಒಂದು ದಪ್ಪ ಪೈಪಿಗೆ, ಒಂದು ಬಿಸಿನೀರಿನ ಪೈಪಿಗೆ. ಮೆತ್ತನೆಯ ಪೈಪಿಗೂ ತಿರುವಿನಲ್ಲಿ ಕೂಡಿಸುವ ಗಟ್ಟಿ ಎಲ್ಬೋಗೂ ಎರಡಕ್ಕೂ ಆಗುತ್ತದೆ, ಒಣಗಿದ ಮೇಲೂ ಸ್ವಲ್ಪ ಬಾಗುತ್ತದೆ ಎಂದು ಬರೆದಿದ್ದ ಡಬ್ಬಿಯನ್ನು ಹುಡುಕಿ ಕೊಟ್ಟೆ.

ಬಸ್ಸಿನಲ್ಲಿ ಕೂತ ಮೇಲೆ ಆಕೆ ಡಬ್ಬಿಯ ಲೇಬಲ್ಲನ್ನು ಉಗುರಿನಿಂದ ಕೆರೆಯತೊಡಗಿದಳು.

"ಯಾಕವ್ವಾ?"

"ಕಾಕಾರ ಕೈಲೇನ ಹಚ್ಚಸೂಣ್ರಿ, ಇದು ಬ್ಯಾರೆ ಅಂಟು ಅಂತ ಅವರಿಗೆ ತಿಳೀಬಾರದು. ಹಿರ್ಯಾರು, ಮದುವ್ಯಾಗ ಅಕ್ಕಿಕಾಳ ಹಾಕಿ ಹರಸವ್ರು. ಅವರ ಮನಸ್ಸ ಮುರಿಯೂದು ಚಲೋ ಅಲ್ಲ."

"ಆದ್ರೂ ಇದು..."

"ನೀವೂ ಹಂಗ ಮಾಡ್ತೀರಲ್ರಿ ಕಾಕು. ಅವರು ವಾಕಿಂಗ್ ಹೋದಾಗ ಮೆಕ್ಯಾನಿಕನ್ನ ಕರಸ್ತೀರಿ. ಓಣಿಗೆಲ್ಲಾ ಗೊತ್ತದ."

ಆಕೆ ಅದನ್ನು ಪ್ರೀತಿಯಿಂದಲೇ ಅಂದಳು. ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ. ಇಷ್ಟು ವರ್ಷ ಅವರು ಕೆಡಿಸಿದ್ದನ್ನೆಲ್ಲ ಅವರಿಗೆ ತಿಳಿಯದಂತೆ ಸರಿಮಾಡಿಸಿ, ಇದು ನಮ್ಮ ಮನೆಯೊಳಗಿನ ಸೀಕ್ರೆಟ್ ಎಂದು ನಂಬಿದ್ದೆ. ನನ್ನ ಗಂಡನನ್ನು ಮಗುವಿನಂತೆ ಸಂಭಾಳಿಸುವುದನ್ನು ಇಡೀ ಓಣಿಗೆ ನಾನೇ ಕಲಿಸಿಕೊಟ್ಟಿದ್ದೆನೇ?

ಮರುದಿನ ಹೆಂಗಸರು ಮತ್ತೆ ಮಣೆ ಹಾಕಿಕೊಂಡು ಕೂತರು. ಮದುವೆ ಹತ್ತಿರ ಬಂದಿತ್ತು, ಕೈಗಳು ಲಗುಲಗು ಓಡುತ್ತಿದ್ದವು. ಯಜಮಾನರು ಪೈಪಿನ ತುದಿ ಒರೆಸಿ, ಬೋಳು ಡಬ್ಬಿಯಿಂದ ಅಂಟು ಹಚ್ಚಿ, ಎಲ್ಬೋದೊಳಗೆ ಒತ್ತಿ ಹಿಡಿದರು. ಸಂಜೆ ನೀರು ಬಿಟ್ಟಾಗ ಒಂದು ಹನಿಯೂ ಬೀಳಲಿಲ್ಲ.

"ನೋಡಿದ್ರೇನು? ಅದೇ ಅಂಟು. ಡಬ್ಬಿ ಓದೂದ್ರಾಗ ಏನೂ ಇಲ್ಲ."

"ಹೌದ್ರಿ ಕಾಕಾ, ನಿಮ್ಮ ಕೈಗುಣ," ಎಂದಳು ಹುಡುಗಿಯ ತಾಯಿ.

ಯಾರೂ ನಗಲಿಲ್ಲ. ಒಬ್ಬರೂ ಮಣೆಯಿಂದ ತಲೆ ಎತ್ತಲಿಲ್ಲ. ಯಜಮಾನರು ಖುಷಿಯಿಂದ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು. ಆ ಹೆಂಗಸರ ನಡುವೆ ಕೂತು, ನಾನೂ ತಲೆ ತಗ್ಗಿಸಿ ಹಪ್ಪಳ ಲಟ್ಟಿಸಿದೆ.