ಹರಸು, ಅರಸು

ದನಿ ಮೊದಲು ಕೈಕೊಟ್ಟಿದ್ದು ಕೀರ್ತನೆಯ ಮೂರನೆಯ ಚರಣದಲ್ಲಿ. ಭಾನುವಾರ ಬೆಳಿಗ್ಗೆ, ಹನೂರಿನ ನಮ್ಮ ಹೆಂಚಿನ ಪ್ರಾರ್ಥನಾಮಂದಿರ. ಎತ್ತರದ ಸ್ವರಕ್ಕೆ ಹೋದೆ. ಬಾಯಿ ತೆರೆದಿತ್ತು.

ಸದ್ದೇ ಬರಲಿಲ್ಲ.

ನೆಗಡಿ ಎಂದೆ. ಮೂರು ತಿಂಗಳು ಅದನ್ನೇ ಹೇಳಿದೆ. ಸುಳ್ಳಿಗೆ ಕಾರಣವಿತ್ತು. ವಾರವೆಲ್ಲ ಮಿಷನ್ ಶಾಲೆಯ ಮೇಷ್ಟ್ರು, ಭಾನುವಾರ ಉಪದೇಶಿ, ಇಷ್ಟು ನನ್ನ ಬದುಕು. ಆದರೆ ಕಣ್ಣಿದ್ದದ್ದು ಮೈಸೂರಿನ ದೊಡ್ಡ ಚರ್ಚಿನ ಮೇಲೆ. ನಾವು ಬ್ರಿಟಿಷರ ಮದರಾಸು ಸೀಮೆಯವರು; ಯಳಂದೂರಿಗೆ ಕಾಲಿಟ್ಟರೆ ಮಹಾರಾಜರ ಸೀಮೆ. ಆ ಗಡಿ ದಾಟಿ ಅಲ್ಲಿನ ಪಾದ್ರಿಯಾಗಬೇಕೆಂಬ ಆಸೆಯನ್ನು ಹತ್ತು ವರ್ಷ ಸಾಕಿದ್ದೆ. ಮೈಸೂರಿನ ಸಭೆಯ ಹಿರಿಯರು ಕೊಳ್ಳೇಗಾಲಕ್ಕೆ ಬಂದು ನನ್ನ ಪ್ರಸಂಗ, ಅಂದರೆ ಭಾನುವಾರದ ಉಪದೇಶ, ಕೇಳುವುದೆಂದು ನಿಶ್ಚಯವಾಗಿತ್ತು. ಅವರಿಗೆ ತೋರಿಸಲು ನನ್ನಲ್ಲಿದ್ದದ್ದು ಆ ದನಿಯೊಂದೇ.

ದನಿಯ ಜೊತೆಗೆ ಜಂಬವೂ ಇತ್ತು. ನಮ್ಮ ಕಡೆಯವರ ನಾಲಿಗೆಗೆ ಹಕಾರ ಒಗ್ಗದು. ಹಾಲು ಆಲಾಗುತ್ತದೆ, ಹನೂರೇ ಅನೂರಾಗುತ್ತದೆ. ನನ್ನದು ಮಾತ್ರ ಅಚ್ಚಾದ ಪುಸ್ತಕದ ಕನ್ನಡ. ಕೂಲಿಗೆ ಹೋಗುವ ಚಿನ್ನಮ್ಮ ಸಭೆಯಲ್ಲಿ ಎದ್ದು, "ಯೇಸಪ್ಪಾ, ನಮ್ನ ಅರಸಪ್ಪಾ" ಎಂದರೆ, ನಾನು ಪ್ರಾರ್ಥನೆಯ ನಡುವೆಯೇ ಕಣ್ಣು ಬಿಟ್ಟು ತಿದ್ದುತ್ತಿದ್ದೆ.

"ಅರಸು ಅಲ್ಲ ಚಿನ್ನಮ್ಮ, ಹರಸು. ಹರಸು ಅಂದರೆ ಆಶೀರ್ವದಿಸು. ಅರಸು ಅಂದರೆ ಹುಡುಕು ಅಂತ."

"ನಂಗೆ ಅದು ಬರಾಕಿಲ್ಲ ಸಾ. ದ್ಯಾವ್ರಿಗೆ ಗೊತ್ತಾಯ್ತದೆ ಬುಡಿ."

ಸಭೆ ನಗುತ್ತಿತ್ತು. ಎಲ್ಲರಿಗಿಂತ ಜೋರಾಗಿ ನಾನು ನಗುತ್ತಿದ್ದೆ.

ಪ್ರಸಂಗಕ್ಕೆ ಹದಿನೈದು ದಿನವಿರುವಾಗ ಕೆಮ್ಮಿನಲ್ಲಿ ರಕ್ತ ಬಂತು.

ಹೆಂಡತಿ ರೂತ್ ನೋಡಿಬಿಟ್ಟಳು. "ನೆಗಡೀಲಿ ರಕ್ತ ಬತ್ತದಾ?" ಎಂದವಳು ಉತ್ತರಕ್ಕೆ ಕಾಯಲಿಲ್ಲ. ಯುದ್ಧಕಾಲ, ಪೆಟ್ರೋಲಿಲ್ಲದೆ ಇದ್ದಿಲ ಗ್ಯಾಸಿನಲ್ಲಿ ಓಡುವ ಬಸ್ಸು. ಏರು ಬಂದಲ್ಲೆಲ್ಲ ಇಳಿದು ನಡೆಯುತ್ತ ಕೊಳ್ಳೇಗಾಲ ಸೇರಿದೆವು. ಆಸ್ಪತ್ರೆಯ ಡಾಕ್ಟರು ಹಿಡಿಯಿರುವ ಸಣ್ಣ ಕನ್ನಡಿಯನ್ನು ಗಂಟಲಿಗೆ ಇಳಿಸಿ ನೋಡಿದರು. ಓಕರಿಕೆ ಬಂತು. ಅವರು ನೋಡುತ್ತಲೇ ಇದ್ದರು.

"ವೋಕಲ್ ಕಾರ್ಡ್ ಮೇಲೆ ಗ್ರೋತ್ ಇದೆ. ನಾಳೇನೇ ತೆಗೆದು ಮದರಾಸಿಗೆ ಬಯಾಪ್ಸಿಗೆ ಕಳಿಸಬೇಕು. ಆಮೇಲೆ ಎರಡು ತಿಂಗಳು ಮಾತು ಬಂದ್. ಪಿಸುಗುಟ್ಟೋ ಹಾಗೂ ಇಲ್ಲ."

"ಹದಿನೈದು ದಿನ ತಡೆದು ಮಾಡಬಹುದೇ?"

"ಕ್ಯಾನ್ಸರ್ ಆಗಿದ್ದರೆ?"

ಹೇಳಲು ನಾಚಿಕೆ. ಆಗಲೂ ನಾನು ಪ್ರಸಂಗದ ದಿನವನ್ನೇ ಎಣಿಸುತ್ತಿದ್ದೆ. "ಮಾಡ್ಬುಡಿ ಸಾ" ಎಂದವಳು ರೂತ್.

ಆಪರೇಷನ್ ಆಯಿತು. ಮನೆಗೆ ಬಂದೆ. ಶಾಲೆಯ ಸ್ಲೇಟೊಂದು ನನ್ನ ನಾಲಿಗೆಯಾಯಿತು. "ನೀರು" ಎಂದು ಬರೆಯುತ್ತಿದ್ದೆ, ರೂತ್ ಕೊಡುತ್ತಿದ್ದಳು. ಅಂಚೆಯವನ ಚಪ್ಪಲಿ ಸದ್ದಿಗೆ ಇಬ್ಬರೂ ಬಾಗಿಲಿನತ್ತ ತಿರುಗುತ್ತಿದ್ದೆವು. ಮದರಾಸಿನ ರಿಪೋರ್ಟ್ ಬರಲಿಲ್ಲ. ಮನಸ್ಸಿನಲ್ಲೇ ಪ್ರಾರ್ಥಿಸಿದೆ, ಹತ್ತು ವರ್ಷದ ಅದೇ ವಾಕ್ಯ: ಕರ್ತನೇ, ನನ್ನ ದನಿಯನ್ನು ಹರಸು, ನನ್ನ ಮೈಸೂರಿನ ದಾರಿಯನ್ನು ಹರಸು.

ಪ್ರಸಂಗದ ಭಾನುವಾರ ಬಂತು. ನನ್ನ ಬದಲು ಬೇರೆಯವರು ನಿಂತರು. ನಾನು ಗೋಡೆಗೆ ಮುಖ ಮಾಡಿ ಮಲಗಿದ್ದೆ.

ಆ ಮಧ್ಯಾಹ್ನ ಚಿನ್ನಮ್ಮ ಅಂಬಲಿ ತಂದಳು. ಅವಳಿಗೆ ಓದು ಬಾರದು, ಸ್ಲೇಟಿನಿಂದ ಉಪಯೋಗವಿಲ್ಲ. ಜೀವನದಲ್ಲಿ ಮೊದಲ ಸಲ ನಾನು ಅವಳನ್ನು ತಿದ್ದಲಾರದೆ ಕೂತೆ. ಅವಳು ಸೆರಗು ತಲೆಗೆ ಹೊದ್ದು ಕಣ್ಣು ಮುಚ್ಚಿದಳು.

"ಯೇಸಪ್ಪಾ, ನಮ್ಮ ಮೇಷ್ಟ್ರುನ್ನ ಅರಸಪ್ಪಾ."

ಹುಡುಕು.

ದೇವರು ಹುಡುಕಿಕೊಂಡು ಬರಬೇಕಾದಷ್ಟು ದೂರ ನಾನು ಹೋಗಿದ್ದೆ. ದಾರಿಯನ್ನು ನಾನೇ ಆರಿಸಿಕೊಂಡು, ಅದಕ್ಕೊಂದು ಒಪ್ಪಿಗೆಯ ಮುದ್ರೆ ಒತ್ತಲಿ ಎಂದು ಹತ್ತು ವರ್ಷ "ಹರಸು" ಎಂದಿದ್ದೆ. ಅವನ ಚಿತ್ತವೇನೆಂದು ಒಂದು ದಿನವೂ ಅರಸಿರಲಿಲ್ಲ. ಇಷ್ಟು ತಿಳಿದ ಮಾತ್ರಕ್ಕೆ ಭಯ ಹೋಯಿತೆಂದಲ್ಲ. ಅಂಚೆಯವನು ಬಂದಾಗಲೆಲ್ಲ ರೂತ್‌ಗಿಂತ ಮೊದಲು ಬಾಗಿಲಿಗೆ ಹೋಗುತ್ತಲೇ ಇದ್ದೆ. ಪ್ರಾರ್ಥನೆಯ ಮಾತು ಮಾತ್ರ ಬದಲಾಯಿತು.

ಇಪ್ಪತ್ತೆರಡನೆಯ ದಿನ ರಿಪೋರ್ಟ್ ಬಂತು. ಕ್ಯಾನ್ಸರ್ ಅಲ್ಲ.

ರೂತ್ ಗಟ್ಟಿಯಾಗಿ ಅತ್ತಳು. ನನಗೆ ಅಳುವುದಕ್ಕೂ ಅಪ್ಪಣೆ ಇರಲಿಲ್ಲ. ಕಣ್ಣೀರು ಸುಮ್ಮನೆ ಇಳಿಯಿತು.

ಎರಡು ತಿಂಗಳ ಮೇಲೆ ದನಿ ಬಂತು, ಅರ್ಧ. ಗಂಟಲಿನಿಂದ ಬರುವುದೆಲ್ಲ ಗಾಳಿಯೇ. ಹಕಾರಕ್ಕೆ ಏನೂ ಕೊರತೆಯಿಲ್ಲ, ಉಳಿದ ಅಕ್ಷರಗಳಿಗೇ ಕಷ್ಟ. ಪಾದ್ರಿಯ ಸ್ಥಾನ ಖಾಲಿಯೇ ಇದೆ, ಇನ್ನೊಂದು ವರ್ಷ ಕಾಯುತ್ತೇವೆ, ಗುಣವಾದರೆ ಬಂದು ಪ್ರಸಂಗ ಮಾಡಿ ಎಂದು ಮೈಸೂರಿನ ಹಿರಿಯರು ಬರೆದರು. ಮೂರು ದಿನ ಆ ಕಾಗದವನ್ನು ಮಡಿಸಿ, ಬಿಡಿಸಿ ನೋಡಿದೆ. ಹನೂರಿನಲ್ಲೇ ಇರುತ್ತೇನೆ ಎಂದು ಉತ್ತರಿಸಿದೆ. ಮೈಸೂರಿನ ಹೆಸರು ಕೇಳಿದರೆ ಈಗಲೂ ಎದೆಯಲ್ಲಿ ಚುಚ್ಚುತ್ತದೆ.

ಹೋದ ಭಾನುವಾರ ಮೊದಲ ಸಲ ಸಭೆಯ ಮುಂದೆ ನಿಂತೆ. ಡಾಕ್ಟರು ಅಪ್ಪಣೆ ಕೊಟ್ಟದ್ದು ಒಂದೆರಡು ಮಾತಿಗೆ. ಒಂದನ್ನು ಆರಿಸಿಕೊಂಡೆ.

"ಕರ್ತನೇ, ನಮ್ಮನ್ನು ಅರಸು."

ಹೆಂಗಸರ ಚಾಪೆಯಲ್ಲಿ ಚಿನ್ನಮ್ಮ ಕಣ್ಣು ಬಿಟ್ಟಳು.

"ಸಾ, ಅದು ಹ... ಹರಸು ಅಲ್ವ್ರಾ?" ಹಕಾರವನ್ನು ಎದೆಯಿಂದ ಎತ್ತಿ ತಂದಿದ್ದಳು. "ನಿಮ್ಗೆ ಮಾತು ಬರೋ ವೊತ್ಗೆ ಸರ್ಯಾಗಿ ಏಳ್ಬೇಕು ಅಂತ ಎರಡ್ ತಿಂಗ್ಳಿಂದ ಕಲ್ತ್ಕಂಡಿವ್ನಿ."

ಯಾರೂ ನಗಲಿಲ್ಲ. ನನ್ನ ಪಾಲಿಗೆ ಇನ್ನೊಂದೇ ಮಾತು ಉಳಿದಿತ್ತು.

"ಹಾಗಾದರೆ ನಿಮ್ಮ ಹಳೇ ಮಾತನ್ನ ನನಗೆ ಕೊಡಿ, ಚಿನ್ನಮ್ಮ."