ಚಪ್ಪರದ ಬಸಳೆ

ಕರೆಂಟಿನ ಕಂಬ ಹತ್ತುವವನಿಗೆ ಹೆದರಿಕೆಯೇ ಇಲ್ಲ ಎಂದು ಜನ ನಂಬಿದ್ದಾರೆ. ಶುದ್ಧ ಸುಳ್ಳು. ಭಟ್ಕಳ, ಹೊನ್ನಾವರದ ಕಡೆ ಎಷ್ಟೋ ಮಳೆಗಾಲ ಕಂಬ ಹತ್ತಿದ ಲೈನ್‌ಮನ್ ನಾನು. ಹೆದರಿಕೆ ಇದ್ದುದರಿಂದಲೇ ಇನ್ನೂ ಬದುಕಿದ್ದೇನೆ. ಆದರೂ ಕುಮಟೆಯ ಆಸ್ಪತ್ರೆಯೊಂದರ ಕೋಣೆಯಲ್ಲಿ ಆ ಬೆಳಿಗ್ಗೆ ಹೆದರಿದ ಹಾಗೆ ಯಾವ ಕಂಬದ ತುದಿಯಲ್ಲೂ ನಾನು ಹೆದರಿದವನಲ್ಲ.

ಹೃದಯದ ವಾಲ್ವ್ ಕೆಟ್ಟು, ಅದನ್ನು ತೆಗೆದು ಕೃತಕ ವಾಲ್ವ್ ಕೂರಿಸಿ ವರ್ಷವಾಗುತ್ತ ಬಂದಿತ್ತು. ಆಪರೇಷನ್ ಆದದ್ದು ಕುಂದಾಪುರದಾಚೆಯ ದೊಡ್ಡ ಆಸ್ಪತ್ರೆಯಲ್ಲಿ. ಅಲ್ಲಿಯವರೇ ತಿಂಗಳಿಗೊಮ್ಮೆ ವ್ಯಾನು ಮಾಡಿಕೊಂಡು ಕುಮಟೆಗೆ ಬಂದು ನಮ್ಮಂಥವರನ್ನು ನೋಡುತ್ತಿದ್ದರು. ನನ್ನ ಎದೆ ಕೊಯ್ದ ಸರ್ಜನ್, ಹೃದಯದ ಡಾಕ್ಟರು, ಮಾತ್ರೆಯ ಪ್ರಮಾಣ ನೋಡಿಕೊಳ್ಳುವ ಸಿಸ್ಟರ್, ಪಥ್ಯ ಹೇಳುವ ಡಯಟಿಶಿಯನ್ ಹುಡುಗಿ, ಎಲ್ಲರೂ ಬರುತ್ತಿದ್ದರು. ಹೊಸ ವಾಲ್ವ್ ಟಿಕ್ ಟಿಕ್ ಎಂದು ಸದ್ದು ಮಾಡುತ್ತದೆ. "ಗಡಿಯಾರ ನುಂಗ್ದವ್ರ ಹಾಂಗೆ" ಎಂದು ನನ್ನ ಹೆಂಡತಿ ನಗುತ್ತಿದ್ದಳು.

ಇಂಥ ವಾಲ್ವ್ ಇದ್ದವರು ಜೀವ ಇರುವವರೆಗೂ ರಕ್ತ ತೆಳುವಾಗುವ ಮಾತ್ರೆ ನುಂಗಬೇಕು. ಮಾತ್ರೆ ಕಡಿಮೆಯಾದರೆ ವಾಲ್ವಿನ ಮೇಲೆ ರಕ್ತ ಹೆಪ್ಪುಗಟ್ಟುತ್ತದೆ, ಹೆಚ್ಚಾದರೆ ತಲೆಯೊಳಗೂ ರಕ್ತ ಸೋರಬಹುದು. ಅತ್ತ ದರಿ, ಇತ್ತ ಪುಲಿ. ನಾನಂತೂ ಆ ಮಾತ್ರೆಯನ್ನು ದೇವರ ತೀರ್ಥಕ್ಕಿಂತ ಹೆಚ್ಚಿನ ಭಕ್ತಿಯಿಂದ ನುಂಗುತ್ತಿದ್ದೆ.

ಆಪರೇಷನ್ನಿಗೆ ಮಲಗಿದ್ದಾಗ ವಾರ್ಡಿನಲ್ಲಿ ನನ್ನ ಪಕ್ಕದ ಮಂಚದಲ್ಲಿದ್ದವರು ಮಂಕಿ ಊರಿನ ಒಬ್ಬರು. ಅವರಿಗೂ ಅದೇ ವಾಲ್ವ್, ಅದೇ ಮಾತ್ರೆ. ಆರಾಮಾಯಿತಲ್ಲ ಎಂದು ಅವರು ಮಾತ್ರೆ ಬಿಟ್ಟರಂತೆ. ಒಂದು ದಿನ ತೆಂಗಿನ ತೋಟದಲ್ಲಿ ಬಿದ್ದವರು ಏಳಲೇ ಇಲ್ಲ. ಸುದ್ದಿ ಕೇಳಿ ನಾನೂ ಹೆಂಡತಿಯೂ ಅವರ ಮನೆಯವರನ್ನು ಮಾತಾಡಿಸಿಕೊಂಡು ಬರಲು ಹೋದೆವು. ಅವರ ಹೆಂಡತಿ ನನ್ನ ಎದೆಯನ್ನೇ ನೋಡುತ್ತ ಕೂತಿದ್ದರು. ಟೆಂಪೋದಲ್ಲಿ ವಾಪಸು ಬರುವಾಗ ನಮ್ಮೂರು ಕಾಯ್ಕಿಣಿ ಮುಟ್ಟುವ ತನಕ ನನ್ನವಳು ಕಣ್ಣು ಮುಚ್ಚಿ ಕೈ ಜೋಡಿಸಿಕೊಂಡೇ ಕೂತಿದ್ದಳು.

ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಬಸಳೆ ಸಾರು ನಿಂತುಹೋಯಿತು. ಹಿತ್ತಲ ಚಪ್ಪರದ ಬಸಳೆ ಎಂದರೆ ಅವಳಿಗೆ ಪ್ರಾಣ. ಸಿಗಡಿ ಹಾಕಿ ಬಸಳೆ ಬೇಯಿಸಿದ ದಿನ ಅವಳಿಗೆ ಗಂಡನೂ ಬೇಡ, ದೇವರೂ ಬೇಡ ಎಂದು ನಾನು ಕೀಟಲೆ ಮಾಡುತ್ತಿದ್ದೆ.

"ಬಸಳೆ ಎಂತ ಆತೆ?" ಎಂದು ಕೇಳಿದೆ.

"ಎಲಿಗೆಲ್ಲ ಚುಕ್ಕೆ ಬಿದ್ದದೆ. ಎಂತ ತಿಂಬೂದು ಅದ್ನ?"

"ಹರಿವೆ?"

"ಬೀಜ ಹುಟ್ಟೇ ಇಲ್ಲ."

ನಾನು ನಂಬಿದೆ. ಆಪರೇಷನ್ ಆದ ಮೇಲೆ ಹಿತ್ತಲಿಗೆ ಕಾಲಿಡಲು ಅವಳು ಬಿಡುತ್ತಿರಲಿಲ್ಲ, ಜಾರಿ ಬಿದ್ದೇನೆಂದು.

ಕೆಲವು ವಾರಗಳಲ್ಲಿ ಹಲ್ಲುಜ್ಜುವಾಗ ನೊರೆ ಕೆಂಪಾಗತೊಡಗಿತು. ತೊಡೆಯ ಮೇಲೆ ಎಲ್ಲೂ ತಾಗದೆ ನೀಲಿ ಕಲೆಗಳು. ಅವಳು ಹೆದರಿಯಾಳೆಂದು ಹೇಳಲಿಲ್ಲ. ಹೇಳಿದರೆ ನಿಜವಾಗಿಬಿಡುತ್ತದೆ ಎಂಬ ಹೆದರಿಕೆ ನನಗೂ ಇತ್ತು. ಕುಮಟೆಗೆ ಹೋಗುವ ದಿನ ಬೆಳಿಗ್ಗೆ ಮೂತ್ರವೂ ಕೆಂಪಾಯಿತು. ಬಸ್ಸು ಗುಂಡಿಗೆ ಬಿದ್ದಾಗಲೆಲ್ಲ, ಒಳಗೆ ಏನೋ ಒಡೆದೀತೆಂದು, ಎರಡೂ ಕೈಯಿಂದ ತಲೆ ಹಿಡಿದುಕೊಂಡೆ. ಹೊನ್ನಾವರದ ಸೇತುವೆ ಮೇಲೆ ಎಲ್ಲರೂ ಹೊಳೆ ನೋಡುತ್ತಿದ್ದರೆ ನಾನು ಹೆಂಡತಿಯ ಪಕ್ಕ ಕಣ್ಣು ಮುಚ್ಚಿ ಕೂತಿದ್ದೆ.

ಸಿಸ್ಟರ್ ಬೆರಳು ಚುಚ್ಚಿ ಸಣ್ಣ ಯಂತ್ರ ನೋಡಿದರು. ಇನ್ನೊಂದು ಬೆರಳು ಚುಚ್ಚಿದರು. ಎದ್ದು ಹೊರಗೆ ಹೋದರು. ಹೆದರಿದವನ ಮೇಲೆ ಹಾವು ಎಸೆದ ಹಾಗೆ, ಮರುಕ್ಷಣ ನಾಲ್ವರೂ ಒಟ್ಟಿಗೇ ಒಳಗೆ ಬಂದರು.

ರಕ್ತ ವಿಪರೀತ ತೆಳುವಾಗಿದೆ ಎಂದರು ಹೃದಯದ ಡಾಕ್ಟರು. ಅದನ್ನು ಗಟ್ಟಿ ಮಾಡುವ ಔಷಧಿ ಕೊಟ್ಟರೆ ವಾಲ್ವಿಗೆ ಅಪಾಯ ಎಂದರು ಸರ್ಜನ್. ಅವರಿಬ್ಬರೂ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರೆ ನನ್ನ ಎದೆಯ ಟಿಕ್ ಟಿಕ್ ಇಡೀ ಕೋಣೆಗೆ ಕೇಳುತ್ತಿತ್ತು. ಮಾತ್ರೆ ಎರಡೆರಡು ಬಾರಿ ನುಂಗಿದ್ದೀರಾ, ನೋವಿನ ಗುಳಿಗೆ, ನಾಟಿ ಔಷಧಿ ಏನಾದರೂ ತಿಂದಿದ್ದೀರಾ ಎಂದು ಸಿಸ್ಟರ್ ಕೇಳಿದರು. ಎಲ್ಲದಕ್ಕೂ ಇಲ್ಲ ಎಂದೆ. ಕಾರಣ ಗೊತ್ತಾಗದೆ ಮುಂದಿನ ಮಾತ್ರೆ ಬರೆಯುವುದು ಹೇಗೆ ಎಂದು ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಊಟದಲ್ಲಿ ಏನಾದ್ರೂ ಬಿಟ್ಟಿದ್ದೀರಾ?" ಎಂದಳು ಡಯಟಿಶಿಯನ್ ಹುಡುಗಿ.

ನಾನು ಹೆಂಡತಿಯ ಕಡೆ ತಿರುಗಿದೆ. ಅವಳು ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಿದ್ದಳು. ಮುಖದಲ್ಲಿ ರಕ್ತವಿರಲಿಲ್ಲ.

"ನಂಗೆ ಕೇಳ್ಬೇಡಿ," ಎಂದಳು. "ನಾ ಬಾಯಿ ಬಿಟ್ರೆ ಇವ್ರು ಉಳೂದಿಲ್ಲ."

ಮನಸ್ಸಿನಲ್ಲಿ ಹೊತ್ತ ಹರಕೆಯನ್ನು ಬಾಯಿಬಿಟ್ಟು ಹೇಳಿದರೆ ಹರಕೆ ಮುರಿದ ಹಾಗೆ ಎಂದು ಅವಳ ಅವ್ವ ಯಾವಾಗಲೂ ಹೇಳುತ್ತಿದ್ದದ್ದು ನನಗೆ ನೆನಪಾಯಿತು. ಹೇಳಿದರೆ ಹರಕೆ ಮುರಿದು ಗಂಡ ಸಾಯುತ್ತಾನೆ, ಹೇಳದಿದ್ದರೆ ರಕ್ತ ಸೋರಿ ಸಾಯುತ್ತಾನೆ. ಆ ಕ್ಷಣ ಅವಳ ಹೆದರಿಕೆ ನನ್ನದಕ್ಕಿಂತ ದೊಡ್ಡದಿತ್ತು.

ಯಾರೂ ನಗಲಿಲ್ಲ, ಯಾರೂ ಗದರಲಿಲ್ಲ. ಸಿಸ್ಟರ್ ಕುರ್ಚಿ ಎಳೆದು ಅವಳ ಎದುರು ಕೂತರು. "ಬಾಯಿ ಬಿಡ್ಬೇಡಿ ಅಕ್ಕಾ. ನಾವು ಹೇಳ್ತೇವೆ, ನೀವು ತಲೆ ಆಡ್ಸಿ, ಸಾಕು. ಹರಕೆಯಾ?"

ತಲೆ ಹೌದೆಂದಿತು.

ಬಿಟ್ಟದ್ದು ಮೀನನ್ನಾ ಎಂದು ಕೇಳಿದಳು ಡಯಟಿಶಿಯನ್. ಅಲ್ಲ. ತೆಂಗಿನಕಾಯಾ? ಅಲ್ಲ. ಬಸಳೆಯಾ? ನನ್ನವಳು ತಲೆ ಆಡಿಸಲೂ ಆಗದೆ ಅಳತೊಡಗಿದಳು. ಹರಿವೆಯೂ? ಎಲ್ಲ ಸೊಪ್ಪೂ? ಹೌದು, ಹೌದು.

ನನ್ನ ಮಾತ್ರೆಯ ಪ್ರಮಾಣ ಗೊತ್ತುಮಾಡಿದ್ದು ನಮ್ಮ ಮನೆಯಲ್ಲಿ ದಿನ ಬಿಟ್ಟು ದಿನ ಸೊಪ್ಪು ಉಣ್ಣುತ್ತಿದ್ದಾಗ. ರಕ್ತ ಹೆಪ್ಪುಗಟ್ಟಲು ನೆರವಾಗುವ ಸೊಪ್ಪು ಒಮ್ಮೆಲೇ ನಿಂತರೆ ಅದೇ ಮಾತ್ರೆ ರಕ್ತವನ್ನು ಇನ್ನೂ ತೆಳು ಮಾಡುತ್ತದಂತೆ. ಡಿಸ್ಚಾರ್ಜಿನ ದಿನವೇ ಹೇಳಿದ್ದರಂತೆ. ನಾವು ಉಪ್ಪು, ಎಣ್ಣೆ ಎರಡನ್ನೇ ನೆನಪಿಟ್ಟುಕೊಂಡು ಬಂದಿದ್ದೆವು. ನನಗೆ ಮೈಯೆಲ್ಲ ಸಿಟ್ಟು ಏರಿತು. ಆದರೆ ಅವಳು ತನ್ನ ಕೈಗಳನ್ನೇ ನೋಡಿಕೊಳ್ಳುತ್ತಿದ್ದ ರೀತಿ ಕಂಡು ಅದು ಇಳಿದೂ ಹೋಯಿತು.

"ಹರಕೆ ಇರ್ಲಿ ಅಮ್ಮ," ಎಂದರು ಹೃದಯದ ಡಾಕ್ಟರು. "ಅದಕ್ಕೆ ಹೊಂದುವ ಹಾಗೆ ಮಾತ್ರೆ ಕಡಿಮೆ ಮಾಡ್ತೇವೆ. ಎಷ್ಟು ಸಮಯದ ಹರಕೆ ಅಂತ ಮಾತ್ರ ಗೊತ್ತಾಗ್ಬೇಕು."

ಆರು ತಿಂಗಳಾ? ಅಲ್ಲ. ಒಂದು ವರ್ಷ? ಅಲ್ಲ. "ಹಾಗಾದ್ರೆ ಎಲ್ಲಿವರೆಗೆ?"

ಅವಳು ತಿರುಗಿ ನನ್ನನ್ನು ನೋಡಿದಳು. ನೋಡುತ್ತಲೇ ಇದ್ದಳು. ಒಬ್ಬೊಬ್ಬರಾಗಿ ಆ ನಾಲ್ವರೂ ನನ್ನ ಕಡೆ ನೋಡಿದರು. ಸರ್ಜನ್ ಕಿಟಕಿಯ ಕಡೆ ಮುಖ ಮಾಡಿದರು.

ನನ್ನನ್ನು ಅಲ್ಲೇ ಮಲಗಿಸಿಕೊಂಡು, ಮಾತ್ರೆ ನಿಲ್ಲಿಸಿ, ರಕ್ತ ಹದಕ್ಕೆ ಬಂದ ಮೇಲೆ ಕಡಿಮೆ ಪ್ರಮಾಣದಲ್ಲಿ ಮತ್ತೆ ಸುರುಮಾಡಿ ಮನೆಗೆ ಕಳಿಸಿದರು. ಮನೆ ಮುಟ್ಟಿದವನೇ, ಅವಳು ಬೇಡ ಎನ್ನುತ್ತಿದ್ದರೂ, ಹಿತ್ತಲಿಗೆ ಹೋದೆ. ಚಪ್ಪರದ ತುಂಬ ಬಸಳೆ. ದಪ್ಪ ಎಲೆ, ಕೆಂಪು ದಂಟು, ಒಂದೇ ಒಂದು ಚುಕ್ಕೆ ಇಲ್ಲ.

ಈಗಲೂ ಅವಳು ಬಸಳೆ ಬೆಳೆಸುತ್ತಾಳೆ, ಕಟ್ಟು ಕಟ್ಟಿ ಆಚೀಚೆ ಮನೆಗೆ ಕೊಡುತ್ತಾಳೆ. ಕೊಯ್ಯುವಾಗ ಒಮ್ಮೊಮ್ಮೆ ಒಂದು ಎಲೆ ಹಿಸುಕಿ ಮೂಸುವುದನ್ನು ನಾನು ಅಡುಗೆಮನೆಯ ಕಿಟಕಿಯಿಂದ ನೋಡಿದ್ದೇನೆ. ಸಾವಿನ ಹೆದರಿಕೆ ನನಗೆ ಹೋಗಿಲ್ಲ, ಎದೆ ಟಿಕ್ ಎಂದಾಗಲೆಲ್ಲ ಇದೆ. ಆದರೆ ಆ ಎಲೆ ಮೂಸುವುದನ್ನು ನೋಡುವಾಗ ಆಗುವ ಸಂಕಟವೇ ಬೇರೆ. ಅವಳ ಬಟ್ಟಲಿಗೆ ಮತ್ತೆ ಬಸಳೆ ಬೀಳಬೇಕಾದರೆ ನನ್ನ ಜೀವ ಹೋಗಬೇಕು.