ಏಳರಾಗ, ಎಂಟರಾಗ

ನಮ್ಮ ಕಡೆ ರಸ್ತೆಯ ಮೇಲೆ ಸುಮ್ಮನೆ ಓಡುವುದು ಸುಲಭವಲ್ಲ, ಜನ ಬಿಡುವುದಿಲ್ಲ. ಬ್ಯಾಡಗಿಯಿಂದ ಕದರಮಂಡಲಗಿ ಕಡೆಗೆ ನಾನೂ ನನ್ನ ಗಂಡನೂ ಬೆಳಿಗ್ಗೆ ಓಡಲು ಹೊರಟ ಮೊದಲ ದಿನವೇ ಮೂರು ಬೈಕು ನಿಂತವು. "ಬಸ್ ತಪ್ಪೇತೇನ್ರಿ ಅಕ್ಕಾರ? ಹತ್ರಿ, ಬಿಡ್ತೇನಿ" ಎಂದ ಒಬ್ಬ. ಇನ್ನೊಬ್ಬರು ಯಾರಿಗೆ ಏನಾಯಿತೋ ಎಂದು ಗಾಬರಿಯಾದರು. ಶನಿವಾರವಂತೂ ಕೇಳಬೇಡಿ. ಕದರಮಂಡಲಗಿಯ ಹನುಮಪ್ಪನ ಗುಡಿಗೆ ಹರಕೆ ಹೊತ್ತು ಓಡುತ್ತಿದ್ದೇವೆಂದು ತಿಳಿದ ಅಜ್ಜಿಯೊಬ್ಬಳು ನನ್ನ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಬೇಡ ಎನ್ನಲು ನನಗೆ ಉಸಿರೇ ಇರಲಿಲ್ಲ.

ಹರಕೆಯಲ್ಲ ಅದು. ಹಾವೇರಿಯ ಆಸ್ಪತ್ರೆಯೊಂದರ ವಾರ್ಡಿಗೆ, ದಿನ ತುಂಬದೆ ಹುಟ್ಟಿದ ಕೂಸುಗಳನ್ನು ಬೆಚ್ಚಗಿಡುವ ಇನ್ನೊಂದು ಗಾಜಿನ ಪೆಟ್ಟಿಗೆ ಬೇಕಾಗಿತ್ತು. ಆ ವಾರ್ಡಿನಿಂದ ಮನೆಗೆ ಬಂದ ಮಕ್ಕಳ ತಂದೆತಾಯಿಗಳು ಒಂದು ಭಾನುವಾರ ಓಡುವುದು, ಅವರ ಹೆಸರಿನಲ್ಲಿ ನೆಂಟರಿಷ್ಟರು ಕೈಲಾದಷ್ಟು ಕೊಡುವುದು ಎಂದು ಅಲ್ಲಿಯ ನರ್ಸ್ ಫೋನ್ ಮಾಡಿ ಹೇಳಿದ್ದರು. ನಮ್ಮ ಮಗಳಿಗೆ ಆಗ ಎರಡು ವರ್ಷ. ನನ್ನ ಗಂಡ ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಕೆಲಸ ಮಾಡುವವರು, ನಾಲ್ಕು ಹೆಜ್ಜೆ ಓಡಿದರೆ ಎಂಟು ಸಲ ಕೆಮ್ಮುತ್ತಾರೆ. ಆದರೂ ಇಬ್ಬರೂ ಹೂಂ ಎಂದೆವು.

ಮಗಳು ಹುಟ್ಟಿದ್ದನ್ನು ಹೇಳದೆ ಇದು ಮುಂದೆ ಹೋಗುವುದಿಲ್ಲ. ಏಳನೇ ತಿಂಗಳಲ್ಲಿ ಕುಬಸ ಮಾಡಿ, ಹಸಿರು ಸೀರೆ ಉಡಿಸಿ, ಕೈತುಂಬ ಹಸಿರು ಬಳೆ ಇಡಿಸಿ ನನ್ನನ್ನು ರಾಣೆಬೆನ್ನೂರಿನ ತವರಿಗೆ ಕರೆದುಕೊಂಡು ಹೋಗಿದ್ದರು. ಎಂಟು ಬಿದ್ದು ಹತ್ತು ದಿನವಾಗಿತ್ತು, ನೋವು ಬಂದೇಬಿಟ್ಟಿತು. ಹುಟ್ಟಿದ ಕೂಸನ್ನು ನನಗೆ ಸರಿಯಾಗಿ ತೋರಿಸದೆಯೇ ಹಾವೇರಿಗೆ ಕಳಿಸಿದರು. ಮೂರನೇ ದಿನ ನಾನೂ ಹೋದೆ. ವಾರ್ಡಿನ ಒಳಗೆ ಬಿಡುವ ಮೊದಲು ಮೊಣಕೈವರೆಗೆ ತೊಳೆಯಬೇಕು, ಬಳೆ ಇರಬಾರದು ಎಂದರು. ಕುಬಸದ ಬಳೆಗಳನ್ನು ಸೋಪು ಹಚ್ಚಿ ಒಂದೊಂದಾಗಿ ನಾನೇ ತೆಗೆದೆ. ಬಾಣಂತಿಯ ಬೋಳು ಕೈ ನೋಡಿ ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಒಂದೂವರೆ ಕಿಲೋ ಇತ್ತು ಕೂಸು. ತೂಕ ಕೇಳಿದೊಡನೆ ನನ್ನ ಗಂಡನ ಬಾಯಿಂದ "ಮೆಣಸಿನಕಾಯಿ ತೂಗೂವಾಗ ಖಾಲಿ ಚೀಲಕ್ಕಂತ ಅಷ್ಟ ಕಳೀತೇವಲ್ಲ ನಾವು" ಎಂಬ ಮಾತು ಬಂದುಬಿಟ್ಟಿತು.  ಆಮೇಲೆ ಅವರು, ಬಟ್ಟೆಯಲ್ಲಿ ಮೆಣಸಿನಕಾಯಿ ಘಾಟು ಇರುತ್ತದೆಂದು ವಾರ್ಡಿನ ಬಾಗಿಲ ಹತ್ತಿರವೂ ಬರುತ್ತಿರಲಿಲ್ಲ. ಕೆಳಗೆ ಬೇವಿನ ಗಿಡದ ಕಟ್ಟೆಯ ಮೇಲೆ ಕೂತು ಬಸ್ಸಿನ ಹೊತ್ತಿಗೆ ಎದ್ದು ಹೋಗುತ್ತಿದ್ದರು.

ಮೇಲೆ, ವಾರ್ಡಿನ ಹೊರಗಿನ ಬಾಕಿನಲ್ಲಿ ಉಳಿದವರು ನಾನು ಮತ್ತು ಅತ್ತೆ. ಹಾಲು ಹಿಂಡಿ ಕೊಡಲು ನಾನು ಒಳಗೆ ಹೋಗುವುದು, ಬರುವುದು, ಕೂಡುವುದು. ಹೋಗುವವರು ಬರುವವರು ಎಲ್ಲರೂ ಕೇಳುವುದು ಒಂದೇ ಮಾತು, "ಎಷ್ಟರಾಗ ಹುಟ್ಟೇತ್ರಿ?" ನಾನು ಬಾಯಿ ತೆರೆಯುವ ಮೊದಲೇ ಅತ್ತೆ "ಏಳರಾಗ" ಎನ್ನುತ್ತಿದ್ದರು. ಕೇಳಿದವರ ಮುಖ ಅರಳುತ್ತಿತ್ತು. "ಏಳರಾಗಂದ್ರ ಚಿಂತಿ ಇಲ್ಲ ಬಿಡ್ರಿ. ಎಂಟರಾಗಿಂದು ನೋಡ್ರಿ ಉಳಿಯಂಗಿಲ್ಲ."

ಈ ಮಾತು ನಾನೂ ಚಿಕ್ಕಂದಿನಿಂದ ಕೇಳಿದ್ದೇ. ಏಳರಲ್ಲಿ ಹುಟ್ಟಿದ್ದು ಉಳಿಯುತ್ತದೆ, ಎಂಟರಲ್ಲಿ ಹುಟ್ಟಿದ್ದು ಉಳಿಯುವುದಿಲ್ಲ. ಹೊಟ್ಟೆಯಲ್ಲಿ ಒಂದು ತಿಂಗಳು ಹೆಚ್ಚಿದ್ದರೆ ಒಳ್ಳೆಯದೇ ಅಲ್ಲವೇ ಎಂದು ಯಾರೂ ಕೇಳುವುದಿಲ್ಲ. ನಾನು ಡಾಕ್ಟರನ್ನೇ ಕೇಳಿದೆ. ಅವರು ನಕ್ಕು, "ಅದೆಲ್ಲಾ ಸುಳ್ಳವ್ವಾ, ಎಷ್ಟು ದಿನ ಹೆಚ್ಚೋ ಅಷ್ಟು ಚಲೋ" ಎಂದರು. ಹಗಲು ಅವರ ಮಾತು ನಂಬುತ್ತಿದ್ದೆ. ಕತ್ತಲಾದ ಮೇಲೆ ಬಾಕಿನ ಮೇಲೆ ಕೂತಾಗ ಊರ ಮಾತೇ ಗೆಲ್ಲುತ್ತಿತ್ತು.

ನನಗೆ ಅತ್ತೆಯ ಮೇಲೆ ಸಿಟ್ಟು ಬಂದದ್ದು ಇದಕ್ಕೇ. ಸೊಸೆಯ ಕೂಸು ಎಂಟರದ್ದು ಎನ್ನಲು ನಾಚಿಕೆಯೇ ಇವರಿಗೆ ಎಂದುಕೊಂಡೆ. ತವರಿನ ಅವ್ವನೂ ಫೋನಿನಲ್ಲಿ ಅದೇ ರಾಗ ಎಳೆದಳು, "ಅತ್ತಿ ಹೇಳಿದಂಗ ಹೇಳು." ಗಂಡನಿಗೆ ಹೇಳಿದರೆ, "ಏಳೋ ಎಂಟೋ, ಆ ಲೆಕ್ಕ ತಗೊಂಡು ಏನ್ ಮಾಡ್ತಿ" ಎಂದರು. ನನ್ನ ಹೆದರಿಕೆಯ ಹೆಸರೇ ಎಂಟು. ಅದನ್ನು ಬಾಯಿಬಿಟ್ಟು ಹೇಳುವಂತಿಲ್ಲ ಎಂದ ಮೇಲೆ ಹೆದರಿಕೆಯನ್ನು ಯಾರ ಮುಂದೆ ಹೇಳಲಿ? ಸುತ್ತ ಇಷ್ಟು ಜನರಿದ್ದೂ ಅಷ್ಟು ಒಂಟಿಯಾಗಿ ನಾನು ಎಂದೂ ಇರಲಿಲ್ಲ.

ಕೂಸು ಮನೆಗೆ ಬಂತು. ನೋಡಲು ಬಂದವರು ಕಡಿಮೆ. ಸ್ವಲ್ಪ ಗಟ್ಟಿಯಾಗಲಿ, ಆಮೇಲೆ ಬರೋಣ ಎಂದು ಎಲ್ಲರೂ ದೂರದಿಂದಲೇ ಕಾಯುತ್ತಿದ್ದರು. ಹದಿಮೂರನೇ ದಿನ ಹಾಕಬೇಕಾದ ತೊಟ್ಟಿಲನ್ನು ಅತ್ತೆ ಆರು ತಿಂಗಳು ಮುಂದೂಡಿದರು. ಕೂಸು ಒಂದು ಸಲ ಕೆಮ್ಮಿದರೆ ನನಗಿಂತ ಮೊದಲು ಎದ್ದು ಬಂದು ಎದೆಯ ಮೇಲೆ ಅಂಗೈ ಇಟ್ಟು ನೋಡುತ್ತಿದ್ದರು. ಇವರೊಬ್ಬರಿಗೆ ಕೂಸು ಉಳಿಯುತ್ತದೆಂಬ ನಂಬಿಕೆಯೇ ಇಲ್ಲ ಎಂದು ಅದಕ್ಕೂ ನಾನು ಸಿಟ್ಟಾಗುತ್ತಿದ್ದೆ. ಎರಡು ವರ್ಷ ಒಂದೇ ಒಲೆಯ ಮುಂದೆ ಕೂತು ರೊಟ್ಟಿ ಬಡಿದೆವು. ಆ ಮಾತು ಮಾತ್ರ ಆಡಲಿಲ್ಲ.

ಓಟದ ಹಿಂದಿನ ದಿನ ನಮ್ಮಿಬ್ಬರಿಗೂ ಎದೆಗೆ ಹಚ್ಚಿಕೊಳ್ಳುವ ಚೀಟಿ ಬಂದವು. ಮಗು ಎಷ್ಟನೇ ತಿಂಗಳಲ್ಲಿ ಹುಟ್ಟಿದ್ದು ಎಂದು ಬರೆಯಲು ಅವುಗಳಲ್ಲಿ ಜಾಗ ಬಿಟ್ಟಿದ್ದರು. ನಾನು ಪೆನ್ನು ಹುಡುಕಿ ಬರುವಷ್ಟರಲ್ಲಿ ಅತ್ತೆ ಮಗನ ಕೈಯಿಂದ ಎರಡರಲ್ಲೂ ದಪ್ಪಗೆ ಏಳು ಬರೆಸಿಯಾಗಿತ್ತು.

"ಅತ್ತಿ, ನಾಕು ಮಂದಿ ಓದ್ತಾರ ಅದನ್ನ" ಎಂದೆ.

"ಓದ್ಲೆವಾ. ಅದಕ್ಕ ಬರಿಸೇನಿ" ಎಂದರು.

ಗಂಡ ಪೆನ್ನು ಜೇಬಿಗೆ ಸೇರಿಸಿ ಹೊರಗೆ ನಡೆದರು. ಅತ್ತ ದರಿ, ಇತ್ತ ಪುಲಿ ಅವರಿಗೆ.

ಆ ಭಾನುವಾರ ಆಸ್ಪತ್ರೆಯ ಗೇಟಿನಿಂದ ಅಗಡಿ ರಸ್ತೆಯಲ್ಲಿ ಒಂದಷ್ಟು ದೂರ ಹೋಗಿ ತಿರುಗಿ ಬರುವುದೆಂದು ಹೇಳಿದ್ದರು. ಇಪ್ಪತ್ತು ಜನರಿದ್ದೆವೇನೋ. ಓಡಿದವರಿಗಿಂತ ನಡೆದವರೇ ಹೆಚ್ಚು. ಒಬ್ಬರು ಅರ್ಧ ದಾರಿಗೆ ಚಹಾ ಕುಡಿಯಲು ನಿಂತರು. ನಾನು ಮಾತ್ರ ಯಾರೋ ಅಟ್ಟಿಸಿಕೊಂಡು ಬಂದಂತೆ ಓಡಿದೆ. ಎದೆಯ ಮೇಲೆ ಸುಳ್ಳು ಹಚ್ಚಿಕೊಂಡು ಓಡುತ್ತಿದ್ದೇನೆ ಎಂಬುದು ಹೆಜ್ಜೆಹೆಜ್ಜೆಗೂ ಚುಚ್ಚುತ್ತಿತ್ತು. ಹಿಂದೆ ಗಂಡನ ಕೆಮ್ಮು ಕೇಳಿಸುತ್ತಿತ್ತು, ಆಮೇಲೆ ಅದೂ ಕೇಳಿಸಲಿಲ್ಲ.

ತಿರುಗಿ ಬಂದಾಗ ಅತ್ತೆ ಮಗಳನ್ನು ಸೊಂಟದ ಮೇಲೆ ಇಟ್ಟುಕೊಂಡು ಬೇವಿನ ಕಟ್ಟೆಯ ಹತ್ತಿರ ನಿಂತಿದ್ದರು. ಕಟ್ಟೆಯ ಮೇಲೆ ಒಬ್ಬ ಹುಡುಗಿ ಒಬ್ಬಳೇ ಕೂತಿದ್ದಳು. ಇಪ್ಪತ್ತೊಂದೋ ಇಪ್ಪತ್ತೆರಡೋ ವಯಸ್ಸು, ತಲೆಗೆ ಸ್ಕಾರ್ಫ್ ಕಟ್ಟಿದ ಬಾಣಂತಿ. ಕೈ ಬೋಳು. ಪಕ್ಕದಲ್ಲಿ ಮುಚ್ಚಳ ತೆರೆದ ಸ್ಟೀಲ್ ಡಬ್ಬಿ, ಅದರೊಳಗೆ ಹಸಿರು ಬಳೆ.  ಉಸಿರು ಬಿಡುತ್ತಾ ಅವಳ ಪಕ್ಕ ಕೂತೆ.

"ಕೂಸು ಒಳಗ ಐತೇನು?" ಎಂದೆ.

ಹೂಂ ಎಂದು ತಲೆಯಾಡಿಸಿದಳು. ನನ್ನ ಮಗಳನ್ನು ನೋಡಿದಳು, ಆಮೇಲೆ ನನ್ನ ಚೀಟಿ ಓದಿದಳು.

"ನಿಮ್ದು ಏಳರಾಗಿಂದು ಬಿಡ್ರಿ" ಎಂದಳು. "ನಮ್ದು ಎಂಟರಾಗ." ಅಷ್ಟು ಹೇಳಿ ಮುಖ ಆ ಕಡೆ ತಿರುಗಿಸಿದಳು.

ನಾನು ಬಾಯಿ ತೆರೆದೆ. ಎಂದಿನಂತೆ ಅತ್ತೆ ನನಗಿಂತ ಮೊದಲು ಮಾತಾಡಿದರು.

"ಎಂಟರಾಗವ್ವಾ. ಇದೂ ಎಂಟರಾಗ ಹುಟ್ಟಿದ್ದು. ಚೀಟ್ಯಾಗಿಂದು ಸುಳ್ಳು. ನಾನ ಅಂಜಿ ಬರಿಸೇನಿ."

ಹುಡುಗಿ ತಿರುಗಿ ನೋಡಿದಳು. ನಾನೂ ಅತ್ತೆಯನ್ನೇ ನೋಡಿದೆ.  ಅವರು ಮಗಳನ್ನು ಸೊಂಟದಿಂದ ಇಳಿಸಿ ಆ ಹುಡುಗಿಯ ತೊಡೆಯ ಮೇಲೆ ಕೂರಿಸಿದರು.

"ಎತ್ತಿ ನೋಡು. ಎಷ್ಟು ಭಾರ ಐತಿ ನೋಡು. ಎಂಟರಾಗಿಂದ ಇದು."

ಹುಡುಗಿ ಎರಡೂ ಕೈಯಿಂದ ಅವಳನ್ನು ಎತ್ತಲು ಹೋದಳು, ಆಗಲಿಲ್ಲ. ಮಗಳು ಕಾಲು ಒದರಿ ಇಳಿಯಲು ನೋಡಿದಳು. ಹುಡುಗಿ ಅವಳನ್ನು ಬಿಡಲಿಲ್ಲ, ಅವಳ ಕೂದಲಲ್ಲಿ ಮುಖ ಇಟ್ಟು ಅಳತೊಡಗಿದಳು.

ಅತ್ತೆ ನನ್ನ ಈ ಬದಿಗೆ ಬಂದು ಕೂತರು. ನನ್ನ ಮುಖ ನೋಡಲಿಲ್ಲ. ನನ್ನ ಚೀಟಿಯ ಪಿನ್ನು ಬಿಚ್ಚಿ, ಅದನ್ನು ಮಡಿಸಿ ಸೆರಗಿನ ತುದಿಗೆ ಕಟ್ಟಿಕೊಂಡರು.

"ಎರಡು ವರ್ಷ ಆತು," ಎಂದರು, "ಕಣ್ತುಂಬ ನಿದ್ದಿ ಮಾಡಿಲ್ಲ ನಾ."

"ನಾನೂ ಮಾಡಿಲ್ರಿ ಅತ್ತಿ" ಎಂದೆ.